ತಾಮ್ರದ ಗ್ಯಾಸ್ಕೆಟ್

ಹುಬ್ಬಳ್ಳಿ
೨೧೩೮ನೆಯ ಇಸವಿ, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಪೂಜ್ಯ ಮುತ್ತಜ್ಜ ಶಿವಯೋಗಿಯವರಿಗೆ, ನಿಮ್ಮ ಮೊಮ್ಮಗನ ಮಗಳು ನೀಲಗಂಗಾ ಮಾಡುವ ಶರಣು.

ತಾರೀಖು ನೋಡಿ ಬರೆದವಳಿಗೆ ಬುದ್ಧಿಭ್ರಮಣೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಮಿಕ್ಕ ಒಂದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಸುಮ್ಮನೆ ಬಂದು ಹೋಗುತ್ತದೆ. ಹದಿಮೂರನೆಯ ತಿಂಗಳಿಗೆ ಇನ್ನೂ ಒಳ್ಳೆಯ ಹೆಸರು ಹುಟ್ಟಿಲ್ಲ. ಸರಕಾರಿ ಕಾಗದಗಳಲ್ಲಿ ಅದು ತುದಿತಿಂಗಳು, ಮನೆಗಳಲ್ಲಿ ಮಿಕ್ಕತಿಂಗಳು. ಈ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಪತ್ರ ಬರೆಯುವ ಪದ್ಧತಿ ನಮ್ಮ ಕಾಲದಲ್ಲಿ ಬೆಳೆದಿದೆ. ಅದನ್ನು ಹಿನ್ನೋಲೆ ಎನ್ನುತ್ತೇವೆ. ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಶಾಲೆಯ ಮಕ್ಕಳು ಬರೆಯುತ್ತಾರೆ, ದೊಡ್ಡವರು ಬರೆಯುವುದು ಕಡಿಮೆ. ನಾನು ಬರೆಯುತ್ತಿರುವುದು ಇದೇ ಮೊದಲು.

ನನ್ನ ಕನ್ನಡದಲ್ಲಿ ನಿಮಗೆ ಅಪರಿಚಿತವಾದ ಮಾತುಗಳು ಬಂದರೆ ಕ್ಷಮಿಸಬೇಕು. ನಿಮ್ಮ ನೋಟ್‌ಬುಕ್ಕಿನ ಕನ್ನಡವೂ ನನ್ನನ್ನು ಕಾಡಿಸಿದೆ. ‘ಜುಗಾಡ್’ ಎಂಬ ಒಂದು ಪದದ ಅರ್ಥಕ್ಕಾಗಿ ಮೂರು ದಿನ ಹುಡುಕಿದ್ದೇನೆ. ಇನ್ನೊಂದು ಮುಜುಗರವೂ ಇದೆ. ನಾನು ಓದುತ್ತಿರುವ ಪುಟಗಳಲ್ಲಿ ನೀವು ಇಪ್ಪತ್ತೆಂಟು ವರ್ಷದ ಹುಡುಗ. ನನಗೆ ಅರವತ್ತೆರಡು. ನೀವು ಎನ್ನಲೇ, ನೀನು ಎನ್ನಲೇ ಎಂದು ಯೋಚಿಸಿ, ಕೊನೆಗೆ ಸಂಬಂಧವೇ ವಯಸ್ಸಿಗಿಂತ ದೊಡ್ಡದು ಎಂದುಕೊಂಡೆ.

ಆ ಪುಟಗಳ ಪ್ರಕಾರ ನಿಮ್ಮ ಕಾರು ಈಗ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಜಪಾನಿನದು, ಎರಡು ಬಾಗಿಲಿನದು, ನೆಲಕ್ಕೆ ಅಂಟಿದಂತೆ ತಗ್ಗಾದದ್ದು, ಮುಂದಿನ ದೀಪಗಳು ರೆಪ್ಪೆ ತೆರೆದಂತೆ ಮೇಲೇಳುವಂಥದ್ದು. ಅದರ ಮೊದಲಿನ ಎಂಜಿನ್ನನ್ನು ನೀವು ಇಳಿಸಿದ್ದೀರಿ. ಅದಕ್ಕಿಂತ ದೊಡ್ಡದಾದ, ಆರು ಸಿಲಿಂಡರಿನ ಇನ್ನೊಂದು ಜಪಾನಿ ಎಂಜಿನ್ ತರಿಸಿ ಕೂರಿಸಬೇಕೆಂಬುದು ನಿಮ್ಮ ಹಟ. ಟರ್ಬೊ ಬಂದಿದೆ, ಕ್ಲಚ್ ಬಂದಿದೆ, ಸ್ಪ್ರಿಂಗುಗಳು ಬಂದಿವೆ. ಎಂಜಿನ್ ಬಂದಾಗ ಅದರ ಒಡಲು ಬಿರುಕುಬಿಟ್ಟಿತ್ತು. ಹಿಂದಕ್ಕೆ ಕಳಿಸಿ ಸರಿಯಾದದ್ದಕ್ಕೆ ಕಾಯುತ್ತಿದ್ದೀರಿ.

ಮುಂದಾಗುವುದನ್ನು ಹಿರಿಯರಿಗೆ ಹೇಳುವುದು ಹಿನ್ನೋಲೆಯಲ್ಲಿ ಒಳ್ಳೆಯ ನಡತೆಯಲ್ಲ. ಆದರೂ ಹೇಳುತ್ತೇನೆ. ಆ ಎಂಜಿನ್ ನಿಮ್ಮ ಕೈಗೆ ಬರಲಿಲ್ಲ. ಸಿಕ್ಕವುಗಳಲ್ಲಿ ಒಂದಕ್ಕೆ ನಂಬರು ಹೊಂದಲಿಲ್ಲ, ಇನ್ನೊಂದು ಹೆಚ್ಚು ಓಡಿತ್ತು, ಮತ್ತೊಂದರ ತಲೆ ಬೇರೆಯದು. ನೀವು ಕಾದಿರಿ. ಮಕ್ಕಳಾದರು, ಕೂದಲು ಬೆಳ್ಳಗಾಯಿತು. ಆಮೇಲೆ ಪೆಟ್ರೋಲು ಸುಡುವುದನ್ನೇ ಕಾಯ್ದೆ ನಿಲ್ಲಿಸಿತು. ನಮ್ಮ ಅಪ್ಪನ ಕೈಗೆ ಬಂದದ್ದು ಬರೀ ಮೈಯಿದ್ದ ಕಾರು, ಬಿಚ್ಚದ ಪೊಟ್ಟಣಗಳ ಒಂದು ಪೆಟ್ಟಿಗೆ ಮತ್ತು ನಿಮ್ಮ ನೋಟ್‌ಬುಕ್ಕು. ಅಪ್ಪ ಅವುಗಳನ್ನು ಮುಟ್ಟಲಿಲ್ಲ, ಮಾರಲೂ ಇಲ್ಲ. ಅವನ ನಂತರ ಅವು ನನಗೂ ನನ್ನ ತಮ್ಮ ಚನ್ನವೀರನಿಗೂ ಬಂದವು.

ನಮ್ಮ ಊರನ್ನು ನೀವು ಗುರುತಿಸುವುದು ಕಷ್ಟ. ಬೀದಿಗಳಿಗೆ ಮೇಲೆ ಚಾವಣಿಯಿದೆ. ನೆರಳುಬೀದಿ ಎನ್ನುತ್ತೇವೆ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಿಸಿಲುರಜೆ. ಆಗ ಅಂಗಡಿ ತೆರೆದರೆ ದಂಡ. ಸ್ವಂತ ವಾಹನದಲ್ಲಿ ಯಾರೂ ಓಡಾಡುವುದಿಲ್ಲ. ಚಾಲಕರಿಲ್ಲದ ಸಾಲುಬಂಡಿಗಳು ಸದ್ದಿಲ್ಲದೆ ಬಂದು ನಿಲ್ಲುತ್ತವೆ. ಹತ್ತಿ ಕೂತವರು ಹೊರಗೆ ನೋಡುವುದೂ ಇಲ್ಲ. ಸ್ಟಿಯರಿಂಗ್ ಹಿಡಿದವರು ಇಡೀ ಧಾರವಾಡ ಜಿಲ್ಲೆಯಲ್ಲಿ ಮೂವತ್ತು ಜನ ಇದ್ದಾರೇನೋ. ನಿಮ್ಮ ಕಾರಿನಂಥವಕ್ಕೆ ನಮ್ಮ ಕಾಲದ ಹೆಸರು ಉರಿಬಂಡಿ. ಪರವಾನಗಿ ಪಡೆದ ಉರಿಬಂಡಿಗಳಿಗೆ ವರ್ಷಕ್ಕೆ ಹನ್ನೊಂದು ಲೀಟರ್ ಇಂಧನ ಸಿಗುತ್ತಿತ್ತು. ಮೆಕ್ಕೆಜೋಳದ ಬೆಂಡಿನಿಂದ ಇಳಿಸಿದ್ದು, ಹುಳಿಮಜ್ಜಿಗೆಯ ವಾಸನೆ. ವರ್ಷದಲ್ಲಿ ಒಂದು ದಿನ, ಹೊಗೆದಿನ, ಹಳೆಯ ವಿಮಾನಗಳ ಓಟದಾರಿಯ ಮೇಲೆ ಅವುಗಳನ್ನು ಓಡಿಸಬಹುದಾಗಿತ್ತು. ಜನ ಮಕ್ಕಳನ್ನು ಕರೆತಂದು, ಕಿವಿಗೆ ಹತ್ತಿ ಇಟ್ಟುಕೊಂಡು ನೋಡುತ್ತಿದ್ದರು.

ನಾನು ಕೆಲಸ ಮಾಡಿದ್ದು ಊರಿನ ಯಂತ್ರಭಂಡಾರದಲ್ಲಿ. ಹಳೆಯ ಯಂತ್ರಗಳನ್ನು ಅವು ಇದ್ದ ಹಾಗೆಯೇ ಕಾಪಾಡಿ, ಪಕ್ಕದಲ್ಲಿ ಚೀಟಿ ಬರೆದಿಡುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಬರೆದೆ. ಒಂದು ಸ್ಕ್ರೂ ಬೇರೆ ಕಾಲದ್ದಾಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಚನ್ನವೀರ ರೈಲ್ವೆ ಕಾರ್ಯಾಗಾರದಲ್ಲಿ ಕೈಕಮ್ಮಾರ. ನಮ್ಮಲ್ಲಿ ಲೋಹದ ಸಾಮಾನುಗಳನ್ನು ಅಚ್ಚುಯಂತ್ರಗಳೇ ಹುಟ್ಟಿಸುತ್ತವೆ. ಅವು ಮಾಡಲಾಗದ್ದನ್ನೋ ಮಾಡಲೊಲ್ಲದ್ದನ್ನೋ ಕೈಯಿಂದ ಮಾಡಲು ಕೆಲವರನ್ನು ಇಟ್ಟುಕೊಂಡಿರುತ್ತಾರೆ. ಉರಿಬಂಡಿಯ ಬಿಡಿಭಾಗ ಎಂದು ಗೊತ್ತಾದರೆ ಅಚ್ಚುಯಂತ್ರ ತಾನೇ ನಿಂತುಬಿಡುತ್ತದೆ. ಹಾಗಾಗಿ ನಮ್ಮ ಕಾರಿಗೆ ಉಳಿದದ್ದು ಎರಡೇ ದಾರಿ. ಹಳೆಯದನ್ನು ಎಲ್ಲಿಂದಲಾದರೂ ತರಿಸಬೇಕು, ಇಲ್ಲವೇ ಚನ್ನವೀರನ ಕೈ.

ಕಾರು ಕಟ್ಟೋಣ ಎಂದವನು ಅವನೇ. ಆಗ ನನಗೆ ನಲವತ್ತೊಂಬತ್ತು, ಅವನಿಗೆ ನಲವತ್ತನಾಲ್ಕು. ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದ, ಮಾತು ಕಡಿಮೆಯಾಗಿತ್ತು. ಒಂದು ದಿನ ನಿಮ್ಮ ನೋಟ್‌ಬುಕ್ಕು ಹಿಡಿದುಕೊಂಡು ಬಂದು, “ಅಕ್ಕಾ, ಮುತ್ತಜ್ಜ ಎಲ್ಲಾ ಅಳತಿ ಬರದಿಟ್ಟಾನ. ಎಂಜಿನ್ ಒಂದು ಸಿಕ್ರ ಉಳಿದದ್ದು ನಾ ನೋಡ್ಕೋತೀನಿ,” ಎಂದ. ಎರಡು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ನಾನು ಹುಡುಕಲು ಕೂತೆ. ಜಗತ್ತಿನ ಭಂಡಾರಗಳಿಗೆಲ್ಲ ಪತ್ರ ಬರೆದೆ. ಹತ್ತು ತಿಂಗಳ ಮೇಲೆ ಜಪಾನಿನ ಸಮುದ್ರತೀರದ ಒಂದು ಸಣ್ಣ ಊರಿನಿಂದ ಉತ್ತರ ಬಂತು. ಬರೆದವರ ಹೆಸರು ಶಿಯೋರಿ. ವಯಸ್ಸು ಎಂಬತ್ತೈದು.

ಅವರ ಅಜ್ಜ ನಿಮ್ಮದೇ ಹುಚ್ಚಿನವರು. ನೀವು ಬಯಸಿದ ಆ ಆರು ಸಿಲಿಂಡರಿನ ಎಂಜಿನ್ನನ್ನೇ ತಮ್ಮ ಕಾರಿನಲ್ಲಿ ಇಟ್ಟುಕೊಂಡಿದ್ದರು. ಕಾರು ತುಕ್ಕು ಹಿಡಿದು ಹೋದ ಮೇಲೂ ಎಂಜಿನ್ನನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಶಿಯೋರಿ ಬೆಲೆ ಹೇಳಲಿಲ್ಲ. ಒಂದೇ ಷರತ್ತು ಹಾಕಿದರು. ಅವರು ಐದಾರು ವರ್ಷದವರಿದ್ದಾಗ ಅಮ್ಮ ಆಸ್ಪತ್ರೆಯಲ್ಲಿದ್ದರಂತೆ. ಅಳುತ್ತಿದ್ದ ಮಗುವನ್ನು ಅಜ್ಜ ಆ ಕಾರಿನಲ್ಲಿ ಕೂರಿಸಿಕೊಂಡು ಕಡಲ ದಂಡೆಯುದ್ದಕ್ಕೂ ಸುತ್ತಿಸುತ್ತಿದ್ದರು. ಮಗು ಆ ಸದ್ದಿಗೆ ನಿದ್ದೆ ಹೋಗುತ್ತಿತ್ತು. “ಅಂಥ ಎಂಜಿನ್ನುಗಳ ಮುದ್ರಿಸಿಟ್ಟ ಸದ್ದು ಎಲ್ಲೆಲ್ಲೂ ಸಿಗುತ್ತದೆ, ಕೇಳಿದ್ದೇನೆ. ಅವು ಬೇರೆ. ನಮ್ಮದಕ್ಕೆ ನಡುನಡುವೆ ಒಂದು ‘ಟಕ್’ ಇತ್ತು. ಅಜ್ಜನಿಗೆ ಅದನ್ನು ಎಂದೂ ಸರಿಪಡಿಸಲಾಗಲಿಲ್ಲ. ಅದನ್ನು ಇನ್ನೊಮ್ಮೆ ಕೇಳಿಸಿದರೆ ಸಾಕು,” ಎಂದು ಬರೆದಿದ್ದರು. ಇದೆಲ್ಲ ನಮಗೆ ತಿಳಿದದ್ದು ಮಾತುಜರಡಿಯ ಮೂಲಕ. ಅದು ಒಂದು ಭಾಷೆಯನ್ನು ಇನ್ನೊಂದಕ್ಕೆ ಜರಡಿ ಹಿಡಿಯುವ ಸಾಧನ. ಅರ್ಥ ಕೆಳಗೆ ಇಳಿಯುತ್ತದೆ, ದನಿ ಮೇಲೆಯೇ ಉಳಿದುಬಿಡುತ್ತದೆ.

ಚನ್ನವೀರ ಅವತ್ತೇ ಅವರಿಗೆ ಬರೆದ, ಕೇಳಿಸುತ್ತೇನೆ ಎಂದು. ಅಲ್ಲಿಂದ ವಾರಕ್ಕೊಂದು ಪತ್ರ. ಅವರನ್ನು ‘ಆಯಿ’ ಎಂದೇ ಕರೆಯತೊಡಗಿದ, ನಾವು ನಮ್ಮ ಅಜ್ಜಿಯನ್ನು ಕರೆಯುತ್ತಿದ್ದ ಹಾಗೆ. ಮಾತುಜರಡಿಗೆ ಆ ಪದ ತಿಳಿಯದೆ ಹಾಗೆಯೇ ಬಿಟ್ಟಿತಂತೆ. ಅವರಿಗೆ ಅದು ಇಷ್ಟವಾಗಿ, ತಮ್ಮ ಪತ್ರಗಳ ಕೆಳಗೆ ಅದನ್ನೇ ಸಹಿ ಮಾಡತೊಡಗಿದರು. ಊಟಕ್ಕೆ ಕೂತಾಗ ಅವನು ಅವರ ಸುದ್ದಿ ಹೇಳುತ್ತಿದ್ದ. “ಆಯಿ ಮನ್ನೆ ಬಿದ್ದಿದ್ರಂತ. ಮೊಣಕಾಲ ಬಾತೈತಿ,” ಎನ್ನುತ್ತಿದ್ದ. “ಆಯಿ ಮನಿ ಮುಂದಿನ ಗಿಡಾ ಹೂ ಬಿಟ್ಟೈತಂತ.” ಅವನ ತಟ್ಟೆಯಲ್ಲಿ ರೊಟ್ಟಿ ಉಳಿಯುವುದು ನಿಂತಿತು. ನನಗೆ ಅದು ಕಾಣುತ್ತಿತ್ತು. ಕಂಡೂ ಅದರ ಬೆಲೆ ತಿಳಿಯಲಿಲ್ಲ.

ಎಂಜಿನ್ ಹಾಯಿ ಕಟ್ಟಿದ ಗಾಳಿಹಡಗಿನಲ್ಲಿ ಎಂಬತ್ತೆಂಟು ದಿನ ಪ್ರಯಾಣ ಮಾಡಿ ಕಾರವಾರಕ್ಕೆ ಬಂತು. ಪೆಟ್ಟಿಗೆಯನ್ನು ನಾವಿಬ್ಬರೂ ಸೇರಿ ತೆರೆದೆವು. ಭತ್ತದ ಹೊಟ್ಟಿನ ನಡುವೆ, ಹಳೆಯ ರೇಷ್ಮೆ ಬಟ್ಟೆಯ ಪಟ್ಟಿಗಳಲ್ಲಿ ಮಗುವಿನಂತೆ ಸುತ್ತಿ ಮಲಗಿಸಿದ್ದರು. ನಿಮ್ಮ ಅಳತೆಗಳು ಕೂದಲಿನಷ್ಟೂ ತಪ್ಪಿರಲಿಲ್ಲ, ಮುತ್ತಜ್ಜ. ಎಂಜಿನ್ ಕೂರುವ ಮೌಂಟುಗಳನ್ನು ಚನ್ನವೀರ ನಿಮ್ಮ ಚಿತ್ರ ನೋಡಿಯೇ ಬೆಸೆದ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ತಟ್ಟೆಯನ್ನು ತಾನೇ ಕಡೆದ. ನೀವು ತರಿಸಿಟ್ಟಿದ್ದ ಕ್ಲಚ್ಚಿನ ಪೊಟ್ಟಣವನ್ನು ನೂರು ವರ್ಷದ ಮೇಲೆ ಬಿಚ್ಚಿದವಳು ನಾನು. ಒಳಗೆ ಎಣ್ಣೆ ಇನ್ನೂ ಹಸಿಯಾಗಿತ್ತು. ಐದು ತಿಂಗಳು ನಾವು ಪ್ರತಿ ಬೆಳಗ್ಗೆ ಬಿಸಿಲು ಏರುವ ತನಕ ಶೆಡ್ಡಿನಲ್ಲಿ ಇರುತ್ತಿದ್ದೆವು. ನನ್ನ ಬದುಕಿನಲ್ಲಿ ಅಂಥ ಐದು ತಿಂಗಳು ಮತ್ತೆ ಬರಲಿಲ್ಲ.

ಉಳಿದದ್ದು ಒಂದು ಗ್ಯಾಸ್ಕೆಟ್. ಎಂಜಿನ್ನಿನ ತಲೆ ಮತ್ತು ಒಡಲಿನ ನಡುವೆ ಕೂರುವ ತೆಳುವಾದ ಹಾಳೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಳಗೆ ನೋಡಲೇಬೇಕೆಂದು ತಲೆ ಬಿಚ್ಚಿದ್ದೆವು. ಹಳೆಯ ಹಾಳೆ ಪುಡಿಪುಡಿಯಾಗಿತ್ತು. ಚನ್ನವೀರ ಒಂದು ವಾರ ಕೂತು ತಾಮ್ರದ ತಗಡಿನಲ್ಲಿ ಹೊಸದನ್ನು ಕತ್ತರಿಸಿದ. ಪ್ರತಿ ತೂತನ್ನೂ ಅರದಿಂದ ತಿದ್ದಿದ, ಕೆಂಪಗೆ ಕಾಸಿ ನೀರಿನಲ್ಲಿ ಅದ್ದಿ ಮೆದುವಾಗಿಸಿದ. ನನ್ನ ಕೈಗೆ ಕೊಟ್ಟಾಗ ಅದು ಆಭರಣದಂತಿತ್ತು.

“ನಾಳೆ ಚಾಲೂ ಮಾಡೋಣಕ್ಕಾ,” ಎಂದ. “ಆಯಿಗೆ ತ್ರಾಸ ಹೆಚ್ಚಾಗೇತಿ. ಎದಿಯೊಳಗ ನೀರು ತುಂಬ್ಯಾವಂತ.”

ನಾನು ಆ ತಗಡನ್ನು ಬೆಳಕಿಗೆ ಹಿಡಿದು ನೋಡಿದೆ. ಅಳೆದೆ. ಒಂದು ಕಡೆ ಸ್ವಲ್ಪ ದಪ್ಪ, ಉಗುರಿಗೆ ತಾಕದಷ್ಟು.

“ಇದು ತಡೀತೈತೇನು?”

“ಹತ್ತು ನಿಮಿಷ ತಡದ್ರ ಸಾಕಲ್ಲಾ.”

“ತಡೀಲಿಲ್ಲಂದ್ರ? ನೀರು ಒಳಗ ಹೋಗಿ ತಲಿ ಸೊಟ್ಟಾದ್ರ ಇಂಥಾ ಎಂಜಿನ್ ಇನ್ನೊಂದು ಎಲ್ಲಿಂದ ತರ್ತಿ? ಈ ದೇಶದಾಗ ಇದೊಂದಽ ಇರೂದು.”

“ಅಕ್ಕಾ, ಎಂಜಿನ್ ಇರೂದಽ ತಿರುಗ್ಸಾಕ.”

ಆಗ ನಾನು ನಿಮ್ಮ ನೋಟ್‌ಬುಕ್ಕು ತೆರೆದು ತೋರಿಸಿದೆ. ನಲವತ್ತನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ನೀವು ಬರೆದಿದ್ದೀರಿ: ‘ಗ್ಯಾಸ್ಕೆಟ್ ಲೋಕಲ್ ಹಾಕಬಾರದು. ಒರಿಜಿನಲ್ ಬಂದ ಮೇಲೆಯೇ.’ ಅದರ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಚನ್ನವೀರ ಆ ಸಾಲನ್ನು ಬಹಳ ಹೊತ್ತು ನೋಡಿದ. ಹಿರಿಯರ ಮಾತಿಗೆ ಎದುರಾಡುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ತೋರಿಸಿದೆ. ಅವನು ತಾಮ್ರದ ತಗಡನ್ನು ಗೋಡೆಯ ಮೊಳೆಗೆ ನೇತುಹಾಕಿ, ಕೈ ತೊಳೆದುಕೊಂಡು ಹೋದ.

ಒರಿಜಿನಲ್ ಸಿಕ್ಕಿತು. ನ್ಯೂಜಿಲೆಂಡಿನ ಒಬ್ಬ ಸಂಗ್ರಹಕಾರರ ಬಳಿ, ಮುದ್ರೆ ಒಡೆಯದ ಪೊಟ್ಟಣ. ಮೂರು ತಿಂಗಳಲ್ಲಿ ಬರುತ್ತದೆ ಎಂದುಕೊಂಡೆ. ಆ ವರ್ಷ ಬಿರುಗಾಳಿಯ ಕಾಲ ಮುಗಿಯಲೇ ಇಲ್ಲ. ಗಾಳಿಹಡಗುಗಳು ಬಂದರು ಬಿಡಲಿಲ್ಲ. ಆಮೇಲೆ ಪರವಾನಗಿಯ ಅವಧಿ ಮುಗಿದು ಹೊಸದು ಮಾಡಿಸಬೇಕಾಯಿತು. ಹದಿನಾರು ತಿಂಗಳು ಕಾದೆವು. ಚನ್ನವೀರ ಆಯಿಗೆ ಪತ್ರ ಬರೆಯುವುದನ್ನು ಬಿಡಲಿಲ್ಲ, ಆದರೆ ಊಟಕ್ಕೆ ಕೂತಾಗ ಅವರ ಸುದ್ದಿ ಹೇಳುವುದು ನಿಂತಿತು. ನಾನು ಕೇಳಲೂ ಇಲ್ಲ. ಕೇಳಿದರೆ ಅವಸರ ಮಾಡಬೇಕಾಗುತ್ತದೆ ಎಂಬ ಅಳುಕು ಇದ್ದಿರಬೇಕು.

ಪೊಟ್ಟಣ ಬಂದದ್ದು ಒಂದು ಬುಧವಾರ. ಇಬ್ಬರೂ ಸೇರಿ ಮುದ್ರೆ ಒಡೆದೆವು. ಉಕ್ಕಿನ ಹಾಳೆಗಳ ಮೇಲಿನ ರಬ್ಬರಿನ ಲೇಪ ಕಪ್ಪು ಹಿಟ್ಟಾಗಿ ನನ್ನ ಬೆರಳುಗಳಿಗೆ ಅಂಟಿತು. ನಡುವಿನ ಹಾಳೆ ತುಕ್ಕು ಹಿಡಿದು ಅಂಚಿನಲ್ಲಿ ಮುರಿದಿತ್ತು. ನೂರ ಇಪ್ಪತ್ತು ವರ್ಷ ಯಾರೂ ಮುಟ್ಟದೆ ಇದ್ದದ್ದು, ಇದ್ದಲ್ಲೇ ಸತ್ತುಹೋಗಿತ್ತು. ಚನ್ನವೀರ ಕೈ ಒರೆಸಿಕೊಂಡ. ಕಿಸೆಯಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟ. ಶಿಯೋರಿಯವರ ತಂಗಿಯ ಮಗಳು ಬರೆದದ್ದು. ದೊಡ್ಡಮ್ಮ ತೀರಿಕೊಂಡು ಐದು ವಾರವಾಯಿತು, ನಿಮಗೆ ತಿಳಿಸಲು ತಡವಾಯಿತು, ಕ್ಷಮಿಸಿ ಎಂದಿತ್ತು.

“ಯಾವಾಗ ಬಂತಿದು?” ಎಂದೆ.

“ಸೋಮವಾರ.”

“ಮತ್ತ ಸೋಮವಾರನಽ ಯಾಕ ಹೇಳ್ಲಿಲ್ಲ?”

“ನಿನ್ನ ಒರಿಜಿನಲ್ ಬರೂದಿತ್ತಲ್ಲ,” ಎಂದ. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಅವನು ಗೋಡೆಯ ಮೊಳೆಯಿಂದ ತಾಮ್ರದ ತಗಡನ್ನು ಇಳಿಸಿ, ಧೂಳು ಒರೆಸಿ, ಇನ್ನೊಮ್ಮೆ ಕಾಸಿ ಅದ್ದಿದ. ತಲೆ ಕೂರಿಸಿ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಒಂದೊಂದಾಗಿ ಬಿಗಿದ. ನಾನು ಸ್ಪ್ಯಾನರು ಕೊಡುತ್ತಾ ನಿಂತಿದ್ದೆ. ಎರಡನೆಯ ದಿನ ಬೆಳಗ್ಗೆ ನೀರು, ಎಣ್ಣೆ, ಇಂಧನ ಹಾಕಿ ಚಾವಿ ತಿರುಗಿಸಿದ. ಮೂರು ಸಲ ಬರೀ ಗೊಣಗಿತು. ನಾಲ್ಕನೆಯ ಸಲ ಹತ್ತಿಕೊಂಡಿತು. ಆ ಸದ್ದನ್ನು ನಾನು ಬರೆಯಲಾರೆ. ಶೆಡ್ಡಿನ ತಗಡುಗಳು, ನನ್ನ ಹಲ್ಲುಗಳು, ನೆಲದ ಮೇಲಿನ ನಟ್ಟುಗಳು ಎಲ್ಲವೂ ನಡುಗಿದವು. ಸ್ವಲ್ಪ ಹೊತ್ತಿಗೆ ಸದ್ದು ತಗ್ಗಿ ಒಂದೇ ಸಮನಾಯಿತು. ಆಗ ಕೇಳಿಸಿತು. ನಡುನಡುವೆ ಒಂದು ‘ಟಕ್’.

ಚನ್ನವೀರ ಹತ್ತು ನಿಮಿಷ ಓಡಿಸಿದ. ಸದ್ದನ್ನು ಮುದ್ರಿಸಿ ಹಿಡಿದುಕೊಂಡ. ಆಮೇಲೆ ಚಾವಿ ತಿರುವಿ ಆರಿಸಿ, ಚಾವಿಯನ್ನು ಸೀಟಿನ ಮೇಲೆ ಇಟ್ಟು ಹೊರಗೆ ನಡೆದ. ಹಿಡಿದ ಸದ್ದನ್ನು ಜಪಾನಿಗೆ ಕಳಿಸಿದ. ತಿಂಗಳ ಮೇಲೆ ಆ ತಂಗಿಯ ಮಗಳಿಂದ ಎರಡು ಸಾಲಿನ ಉತ್ತರ ಬಂತು. ದೊಡ್ಡಮ್ಮನ ಖಾಲಿ ಕೋಣೆಯಲ್ಲಿ ಕಿಟಕಿ ತೆಗೆದಿಟ್ಟು ಕೇಳಿಸಿದೆವು, ಪಕ್ಕದ ಮನೆಯ ಮುದುಕರೊಬ್ಬರು ಯಾರು ಬಂದರು ಎಂದು ಕೇಳಿಕೊಂಡು ಬಂದರು, ಎಂದು.

ಅಂದಿನಿಂದ ಹನ್ನೊಂದು ವರ್ಷ ಆ ತಾಮ್ರದ ಗ್ಯಾಸ್ಕೆಟ್ ಒಂದು ಹನಿ ನೀರನ್ನೂ ಬಿಟ್ಟಿಲ್ಲ. ಅಂದಿನಿಂದ ಹನ್ನೊಂದು ವರ್ಷ ಚನ್ನವೀರ ಶೆಡ್ಡಿನ ಹೊಸ್ತಿಲು ತುಳಿಯಲಿಲ್ಲ. ನಾವು ಜಗಳವಾಡಲಿಲ್ಲ. ಅವನು ಊಟಕ್ಕೆ ಬರುತ್ತಿದ್ದ. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟ. ನನ್ನ ಕನ್ನಡಕದ ಕಾಲು ಮುರಿದರೆ ಬೆಸೆದು ತಂದ. ಕಾರಿನ ಮಾತು ಬಂದರೆ ಮಾತ್ರ ಎದ್ದು ನೀರು ಕುಡಿಯಲು ಹೋಗುತ್ತಿದ್ದ. ಓಡಿಸುವುದನ್ನು ನಾನೇ ಕಲಿತೆ. ಪ್ರತಿ ಹೊಗೆದಿನ ಒಬ್ಬಳೇ ಓಟದಾರಿಗೆ ಒಯ್ದು ಸುತ್ತು ಹಾಕುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಭಂಡಾರದವರು ನನ್ನ ಚಿತ್ರ ತೆಗೆದು, ಇದನ್ನು ಕಟ್ಟಿದವರು ಇವರು ಎಂದು ಚೀಟಿ ಬರೆದರು. ಅದರಲ್ಲಿ ಚನ್ನವೀರನ ಹೆಸರೂ ಇರಬೇಕೆಂದೆ. ಸೇರಿಸಿದರು. ಅವನಿಗೆ ತೋರಿಸಿದರೆ, “ಚೊಲೋ ಆತು,” ಎಂದು ಮಡಚಿ ಕೊಟ್ಟ.

ಈ ವರ್ಷ ನೋಟಿಸು ಬಂತು. ಈ ಸಲದ ಹೊಗೆದಿನ ಮುಗಿದ ಮೇಲೆ ಯಾವ ಉರಿಬಂಡಿಗೂ ಇಂಧನವಿಲ್ಲ, ಹೊಗೆದಿನವೂ ಇಲ್ಲ. ಅದು ಸರಿಯಾದದ್ದೇ. ನಮ್ಮ ಗಾಳಿಯ ಸ್ಥಿತಿ ನೋಡಿದರೆ ನೀವೂ ಒಪ್ಪುತ್ತಿದ್ದಿರಿ. ಆ ದಿನ ಊಟಕ್ಕೆ ಬಡಿಸುತ್ತಾ ಕೇಳಿದೆ: “ಚನ್ನೂ, ಈ ಸಲ ಬರ್ತೀಯೇನೋ? ಇದಽ ಕಡೀದು.” ಅವನು ರೊಟ್ಟಿ ಮುರಿಯುತ್ತಿದ್ದ. ನೀರಿಗೆ ಏಳುತ್ತಾನೆ ಎಂದುಕೊಂಡೆ. ಏಳಲಿಲ್ಲ. ಊಟ ಮುಗಿಸಿ ಕೈ ತೊಳೆಯುವಾಗ, “ಬರ್ತೀನಿ,” ಎಂದ.

ಬಂದ. ಹೊಡೆಯುವ ಸೀಟಿಗೆ ಕೂರು ಎಂದರೆ ಒಲ್ಲೆನೆಂದು ಎಡಗಡೆ ಕೂತ. ಮೊದಲ ಸುತ್ತಿನಲ್ಲಿ ಅವನು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡಿದ್ದ, ರೋಗಿಯ ನಾಡಿ ನೋಡುವವರಂತೆ. ಎರಡನೆಯ ಸುತ್ತಿನ ಕೊನೆಗೆ, “ಅಕ್ಕಾ, ಸ್ವಲ್ಪ ನಿಂದರ್ಸು,” ಎಂದ. ದಾರಿಯ ಅಂಚಿಗೆ ನಿಲ್ಲಿಸಿದೆ. ಎಂಜಿನ್ ಓಡುತ್ತಲೇ ಇತ್ತು. ಅವನು ನನ್ನ ಕಡೆ ನೋಡದೆ ಹೇಳಿದ.

“ನೀ ತಾಮ್ರದ್ದು ಬ್ಯಾಡ ಅಂದಾಗ ನಾ ಆಯಿಗೆ ಬರದಿದ್ದೆ. ನಾ ಒಂದು ಮಾಡೀನಿ, ಅಕ್ಕ ಹಾಕಾಕ ಒಲ್ಲೆ ಅಂತಾಳ ಅಂತ. ಅವರು ನಿನಗಂತನಽ ಒಂದು ಪತ್ರ ಕಳಿಸಿದ್ರು.”

“ನನಗ?”

“‘ಎಂಜಿನ್ ನನ್ನದು, ಒಡದ್ರ ಒಡೀಲಿ, ನಾ ಒಪ್ಪೀನಿ. ಅರ್ಧ ನಿಮಿಷ ತಿರುಗಿದ್ರೂ ಸಾಕು. ನಿಮ್ಮ ತಮ್ಮನ ಕೈಮ್ಯಾಲೆ ನನಗ ಭರವಸಾ ಐತಿ.’ ಹಂಗಂತ ಬರದಿದ್ರು.”

ನಾನು ಅವನ ಕಡೆ ತಿರುಗಿದೆ. “ನನಗ್ಯಾಕ ತೋರಸ್ಲಿಲ್ಲೋ?”

“ತೋರ್ಸಿದ್ರ ಹಾಕಾಕ ಬಿಡ್ತಿದ್ದೇನು?”

ಸುಳ್ಳು ಹೇಳಬಹುದಾಗಿತ್ತು, ಮುತ್ತಜ್ಜ. ಅದಕ್ಕೆ ಸಾಕಷ್ಟು ಹೊತ್ತೂ ಕೊಟ್ಟ. ನಾನು ಹನ್ನೆರಡು ವರ್ಷದ ಹಿಂದಿನ ಆ ಹೆಂಗಸನ್ನು ನೆನಪಿಸಿಕೊಂಡೆ. ಕೈಯಲ್ಲಿ ಅಳತೆಗೋಲು, ಎದುರಿಗೆ ನಿಮ್ಮ ಕೆಂಪು ಸಾಲು. ಅವಳಿಗೆ ಆ ಪತ್ರ ಕೊಟ್ಟಿದ್ದರೆ ಮುದುಕಿಗೆ ಯಂತ್ರದ ವಿಷಯ ಏನು ಗೊತ್ತು ಎನ್ನುತ್ತಿದ್ದಳು. ಇನ್ನೆರಡು ತಿಂಗಳು ತಡೆಯಲಿ ಎನ್ನುತ್ತಿದ್ದಳು.

“ಇಲ್ಲ,” ಎಂದೆ. “ಬಿಡ್ತಿರಲಿಲ್ಲ.”

“ಅದಕ್ಕಽ ತೋರಸ್ಲಿಲ್ಲ,” ಎಂದ ಚನ್ನವೀರ. “ತೋರಿಸಿ, ಆಮ್ಯಾಲೂ ನೀ ಇಲ್ಲ ಅಂದಿದ್ರ, ನನಗ ನಿನ್ನ ಮನಿಯಾಗ ಊಟ ಮಾಡೂದು ಆಗ್ತಿರಲಿಲ್ಲಕ್ಕಾ.” ಮತ್ತೆ ಹೇಳಿದ: “ತಪ್ಪು ನಿಂದಷ್ಟಽ ಅಲ್ಲ. ಶೆಡ್ಡಿನ ಕೀಲಿ ನನ್ನ ಕಿಸೇದಾಗಽ ಇತ್ತು. ನಿನ್ನ ಕೇಳಲಾರದಽ ಹಾಕಬಹುದಿತ್ತು. ನಾನೂ ಕಾದೆ.”

ಮೂರನೆಯ ಸುತ್ತು ಅವನೇ ಹೊಡೆದ. ಚೆನ್ನಾಗಿ ಹೊಡೆಯಲಿಲ್ಲ, ಗೇರು ಎರಡು ಸಲ ಕಿರುಚಿತು. ಓಟದಾರಿಯ ಆ ತುದಿಯಲ್ಲಿ ಇಂಧನ ತೀರಿ ಕಾರು ನಿಂತಿತು. ಇಬ್ಬರೂ ಇಳಿದು ತಳ್ಳಿಕೊಂಡು ಬಂದೆವು. ನೋಡಲು ಬಂದಿದ್ದ ಅಪರಿಚಿತರು ನಾಲ್ಕೈದು ಜನ ಕೈ ಹಾಕಿದರು. ಅದು ನಡೆದು ಇಂದಿಗೆ ಎಂಟು ದಿನ.

ಮುತ್ತಜ್ಜ, ನಾನು ನಿಮ್ಮ ಮೇಲೆ ತಪ್ಪು ಹೊರಿಸಲು ಈ ಪತ್ರ ಬರೆಯಲಿಲ್ಲ. ಕೆಂಪು ಶಾಯಿಯ ಸಾಲು ನಿಮ್ಮದು, ಅದನ್ನು ತಮ್ಮನ ಮುಖಕ್ಕೆ ಹಿಡಿದ ಕೈ ನನ್ನದು. ನೀವು ಒಳ್ಳೆಯ ಕೆಲಸಗಾರರು. ಸರಿಯಾದದ್ದಕ್ಕೆ ಕಾಯುವುದು ಒಳ್ಳೆಯ ಕೆಲಸಗಾರರ ಗುಣ. ನನಗೂ ಅದು ಗುಣವೆಂದೇ ಕಾಣುತ್ತಿತ್ತು. ಆದರೆ ಅದರ ಹಿಂದೆ ಒಂದು ಹೆದರಿಕೆ ಇರುತ್ತದೆ. ತಿರುಗಿಸಿದರೆ ಕೆಟ್ಟೀತು, ತಿರುಗಿಸದಿದ್ದರೆ ಎಂದೂ ಕೆಡುವುದಿಲ್ಲ ಎಂಬ ಹೆದರಿಕೆ. ನನ್ನಲ್ಲಿ ಇದ್ದದ್ದು ಅದು. ನಿಮ್ಮಲ್ಲಿಯೂ ಇದ್ದೀತೇ ಎಂದು ನಿಮ್ಮ ಅಕ್ಷರ ನೋಡಿದಾಗಲೆಲ್ಲ ಅನಿಸುತ್ತದೆ.

ನಿಮಗೆ ಇಪ್ಪತ್ತೆಂಟು ವರ್ಷ. ಪೆಟ್ರೋಲು ಬೀದಿಬೀದಿಯಲ್ಲಿ ಸಿಗುತ್ತದೆ. ನಿಮ್ಮ ಜೊತೆ ಶೆಡ್ಡಿನಲ್ಲಿ ಸ್ಪ್ಯಾನರು ಹಿಡಿದು ನಿಲ್ಲುವವರು ಯಾರು ಎಂದು ನೋಟ್‌ಬುಕ್ಕಿನಲ್ಲಿ ನೀವು ಎಲ್ಲಿಯೂ ಬರೆದಿಲ್ಲ. ಯಾರೋ ಇದ್ದೇ ಇರಬೇಕು. ಒಬ್ಬನೇ ಅಂಥ ಅಳತೆಗಳನ್ನು ಹಿಡಿಯಲಾಗದು, ಟೇಪಿನ ಇನ್ನೊಂದು ತುದಿಯನ್ನು ಯಾರೋ ಹಿಡಿದಿರಲೇಬೇಕು. ಅವರು “ಇದು ಸಾಕು, ಹಾಕೋಣ” ಎಂದಾಗ ಒಮ್ಮೆ ಹೂಂ ಎನ್ನಿ. ಎಂಜಿನ್ ಕೆಟ್ಟರೆ ಕೆಡಲಿ. ನಾನು ನಿಮ್ಮಲ್ಲಿ ಬೇಡುವುದು ಇಷ್ಟೇ.

ಇನ್ನೂ ಒಂದೆರಡು ಮಾತು ಹೇಳುವುದಿತ್ತು. ಶಿಯೋರಿಯವರ ಬಗ್ಗೆ ಒಂದು, ನನ್ನ ಬಗ್ಗೆ ಒಂದು. ಬೆಳಗ್ಗಿನಿಂದ ನಾಲ್ಕು ಸಲ ಬರೆದು ಹೊಡೆದುಹಾಕಿದ್ದೇನೆ, ಸರಿಯಾದ ಪದ ಸಿಗುತ್ತಿಲ್ಲ. ಚನ್ನವೀರ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. “ಅಕ್ಕಾ, ಹಸಿವ್ಯಾಗೇತಿ,” ಎನ್ನುತ್ತಿದ್ದಾನೆ. ಪತ್ರ ಇದ್ದ ಹಾಗೆಯೇ ಮಡಚುತ್ತೇನೆ.

ನಿಮ್ಮ
ನೀಲಗಂಗಾ